ಹೊರಗೆಳೆದ ಜೇಬುಗಳು

ಗಿರಣಿ ಮನೆಯ ಬಟ್ಟೆಗಂಟು ಬಿಚ್ಚಿದಾಗ ಇಸ್ತ್ರಿಯಕ್ಕನ ಕಣ್ಣಿಗೆ ಮೊದಲು ಬಿದ್ದದ್ದು ಪ್ಯಾಂಟುಗಳ ಜೇಬು. ಒಂದನ್ನೂ ಬಿಡದೆ ಎಲ್ಲವನ್ನೂ ಹೊರಗೆಳೆದಿದ್ದರು. ಗಂಟಿನ ತುಂಬ ಬಿಳಿ ನಾಲಿಗೆಗಳು ಚಾಚಿಕೊಂಡು ಅಣಕಿಸಿದ ಹಾಗಿತ್ತು. ಅಂಗಿಗಳನ್ನೂ ಒಳಮಗ್ಗುಲು ಹೊರಗೆ ಮಾಡಿ, ಎದೆಜೇಬಿಗೆ ಬೆರಳು ಹಾಕಿ ತಡಕಿ ನೋಡಿ ಕಳಿಸಿದ್ದು ಗೊತ್ತಾಗುತ್ತಿತ್ತು.

ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದ ನಾದಿನಿ ಕತ್ತು ಚಾಚಿ ನೋಡಿದಳು.

"ಇದೇನತ್ತಿಗೆ, ಗಿರಣಿ ಮನೆಗೆ ಕಳ್ಳರು ನುಗ್ಗಿದ್ರಾ?"

"ಸುಮ್ನೆ ಕೆಂಡ ಹಾಕು."

"ಅಲ್ಲ, ಕರವಸ್ತ್ರ ಒಂದಕ್ಕೆ ಜೇಬಿಲ್ಲ ಅಂತ ಬಿಟ್ಟಿದಾರೆ, ಇಲ್ಲದಿದ್ರೆ ಅದನ್ನೂ ಕೊಡವಿ ಕಳಿಸ್ತಿದ್ರು. ಇದು ನಿನ್ನ ಮೇಲಿನ ಅನುಮಾನ, ಬೇರೇನಲ್ಲ."

ಇಸ್ತ್ರಿಯಕ್ಕ ಜೇಬುಗಳನ್ನು ಒಂದೊಂದಾಗಿ ಒಳಗೆ ತಳ್ಳಿ, ನೀರು ಚಿಮುಕಿಸಿ, ಪೆಟ್ಟಿಗೆ ಎಳೆದಳು. ಕೈ ತನ್ನ ಪಾಡಿಗೆ ಓಡುತ್ತಿತ್ತು. ಮನಸ್ಸು ಮಾತ್ರ ಆ ಜೇಬುಗಳ ಹತ್ತಿರವೇ ನಿಂತುಬಿಟ್ಟಿತ್ತು.

ಮೂವತ್ತು ವರ್ಷದಿಂದ ಅವಳ ಹೊಟ್ಟೆ ತುಂಬಿದ್ದೇ ಊರಿನವರ ಜೇಬಿನ ನಂಬಿಕೆಯ ಮೇಲೆ. ಗಂಡ ಲಾರಿ ಕೆಲಸ ಹಿಡಿದು ತಿಂಗಳಿಗೊಂದು ಸಲ ಮುಖ ತೋರಿಸುವವನಾದ ಮೇಲೆ ಮಾವನ ಕಾಲದ ಇಸ್ತ್ರಿಪೆಟ್ಟಿಗೆ ಅವಳ ಪಾಲಿಗೆ ಬಂತು. ಮುಂಬಾಗಿಲ ಪಕ್ಕದ ಜಗಲಿ, ಹಳೆ ಕಂಬಳಿ ಹಾಸಿದ ಮೇಜು, ಮೇಜಿನ ಬಲಮೂಲೆಯಲ್ಲಿ ಪೆಟ್ಟಿಗೆ ಇಡಲು ಒಂದು ಚಪ್ಪಡಿ ಕಲ್ಲು. ಮನೆ ಮನೆಗೆ ಹೋಗಿ ಗಂಟು ತರುವುದು, ಸಂಜೆಗೆ ಮುರಿಯದ ಮಡಿಕೆಯಲ್ಲಿ ತಲುಪಿಸುವುದು. ಇಷ್ಟೇ ಆಗಿದ್ದರೆ ಅವಳ ಹೆಸರು ಇಷ್ಟು ನಿಲ್ಲುತ್ತಿರಲಿಲ್ಲ. ಜೇಬಿನಲ್ಲಿ ಸಿಕ್ಕ ಚೀಟಿಗಳ ವಿಷಯದಲ್ಲಿ ಅವಳದೊಂದು ಪದ್ಧತಿ ಇತ್ತು.

ಯಾವ ಚೀಟಿಯನ್ನೂ ಅವಳು ಎಸೆದವಳಲ್ಲ. ಎಸೆಯಬಹುದಾದದ್ದು ಯಾವುದು, ಎಸೆಯಬಾರದ್ದು ಯಾವುದು ಎಂದು ಓದು ಬಾರದವಳಿಗೆ ಹೇಗೆ ತಿಳಿಯಬೇಕು? ಹಾಗಾಗಿ ಎಲ್ಲಕ್ಕೂ ಒಂದೇ ಮರ್ಯಾದೆ. ಮುದುಡಿದ ಬಸ್ ಟಿಕೆಟ್ಟು, ಔಷಧಿ ಅಂಗಡಿಯ ಚೀಟಿ, ಬಿಸ್ಕತ್ತಿನ ಪೊಟ್ಟಣದ ಕಾಗದ, ಎಲ್ಲವನ್ನೂ ಬಿಸಿ ಇಳಿದ ಪೆಟ್ಟಿಗೆಯ ಕೆಳಗೆ ಒಂದು ಸಲ ಎಳೆದು ನೆಟ್ಟಗೆ ಮಾಡಿ, ಆಯಾ ಅಂಗಿಯ ಮಡಿಕೆಯೊಳಗಿಟ್ಟು ಕಳಿಸುತ್ತಿದ್ದಳು. ಬಸ್ ಟಿಕೆಟ್ಟಿಗೂ ಇಸ್ತ್ರಿ ಹಾಕಿ ಕೊಡುವವಳು ಎಂದು ಊರು ನಗುತ್ತಿತ್ತು. ನಗುತ್ತಲೇ ಬೀರುವಿನ ಬಟ್ಟೆಯನ್ನೂ ಅವಳ ಕೈಗೆ ಕೊಡುತ್ತಿತ್ತು.

ಒಂದು ದಿನ ಗಿರಣಿಯ ಯಜಮಾನತಿ ನೆರೆಮನೆಯವಳಿಗೆ ಹೇಳಿದ ಮಾತು ಇವಳ ಕಿವಿಗೂ ಬಿತ್ತು. "ಇವಳ ಕೈಗೆ ಏನನ್ನ ಬೇಕಾದ್ರೂ ಕೊಡಬಹುದು ಕಣೇ. ಓದೋಕೆ ಬರಲ್ಲ ಪಾಪ."

ಗಂಟು ಹೊತ್ತು ಮನೆಗೆ ಬರುವ ದಾರಿಯುದ್ದಕ್ಕೂ ಇಸ್ತ್ರಿಯಕ್ಕ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದಳು. ಹೊಗಳಿಕೆ ಅಂದುಕೊಂಡರೆ ಹೊಗಳಿಕೆ. ಆದರೆ ಎಲ್ಲೋ ಒಂದು ಕಡೆ ಚುರುಕ್ ಎನ್ನುತ್ತಿತ್ತು. ಅದೇ ವಾರ ಊರಿನ ಸಮುದಾಯ ಭವನದಲ್ಲಿ ದೊಡ್ಡವರಿಗೆ ಸಂಜೆ ತರಗತಿ ಶುರುವಾಗುತ್ತದೆ ಎಂದು ಮೈಕಿನಲ್ಲಿ ಕೂಗಿದರು. ಪೆಟ್ಟಿಗೆಯ ಬೂದಿ ಕೊಡವಿ, ಮುಖ ತೊಳೆದು, ನಾದಿನಿಯ ಕುಹಕ ನಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಅವಳು ಹೊರಟೇಬಿಟ್ಟಳು.

ಭವನ ಎಂದರೆ ಉದ್ದನೆಯ ಒಂದು ಕೋಣೆ. ಒಂದು ಕಡೆ ಬೆಂಚುಗಳು, ಮೂಲೆಯಲ್ಲಿ ಮೈಕಿನ ಯಂತ್ರವಿದ್ದ ಕಪಾಟು, ಎದುರು ಗೋಡೆಗೆ ಒಂದೇ ಒಂದು ಕಪ್ಪು ಬೋರ್ಡು. ಬೋರ್ಡಿನ ಮೇಲುಗಡೆ ಊರ ಸಮಿತಿಯ ಗುಮಾಸ್ತರು ಮಧ್ಯಾಹ್ನವೇ ಏನಾದರೂ ಬರೆದಿರುತ್ತಿದ್ದರು. ಟೀಚರಮ್ಮ ಅದನ್ನು ಮುಟ್ಟುತ್ತಿರಲಿಲ್ಲ. ಅದರ ಕೆಳಗೆ ಒಂದು ಗೆರೆ ಎಳೆದು, ಉಳಿದ ಜಾಗದಲ್ಲಿ ಪಾಠ ಬರೆಯುತ್ತಿದ್ದರು.

ಟೀಚರಮ್ಮ ಪಕ್ಕದ ಪಟ್ಟಣದವರು. ಸಂಜೆಯ ಬಸ್ಸಿಗೆ ಬಂದು, ಅದೇ ಬಸ್ಸು ವಾಪಸು ಬಂದು ಹಾರ್ನ್ ಹೊಡೆದ ಕೂಡಲೇ ಬೆರಳಿನ ಸೀಮೆಸುಣ್ಣ ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ಓಡುತ್ತಿದ್ದರು. ಅವರು ಕಲಿಸುವ ರೀತಿ ಬೇರೆ. ಪುಸ್ತಕದ ಅಗಸ, ಆನೆ ಅವರಿಗೆ ಬೇಡ. "ನಿಮ್ಮ ಮನೆ ಮಾತೇ ಪಾಠ," ಎನ್ನುತ್ತಿದ್ದರು. ದಿನಕ್ಕೊಬ್ಬರು ತಮ್ಮ ಮನೆಯದೊಂದು ಮಾತು ಹೇಳಬೇಕು, ಟೀಚರಮ್ಮ ಅದನ್ನು ಬೋರ್ಡಿಗೆ ಹಾಕಿ ಪಕ್ಕದಲ್ಲಿ ಹೇಳಿದವರ ಗುರುತು ಬರೆಯುತ್ತಿದ್ದರು, ಉಳಿದವರು ಓದಿ ನಕಲು ಮಾಡಬೇಕು. "ಇಲ್ಲಿ ಆಡಿದ ಮಾತು ಈ ಬಾಗಿಲು ದಾಟಬಾರದು," ಎಂದು ಮೊದಲ ದಿನವೇ ಎಲ್ಲರೂ ಒಪ್ಪಿಕೊಂಡಿದ್ದರು.

ತರಗತಿಗೆ ಬರುತ್ತಿದ್ದವರು ಆರೇಳು ಜನ. ಅವರಲ್ಲಿ ಮಾತಿನವರು ಇಬ್ಬರು. ಹಿಟ್ಟಿನ ಗಿರಣಿಯ ಯಜಮಾನ ಒಬ್ಬ. ಬೆಂಚಿನ ಮೇಲೆ ಕೂತರೆ ಬೆಂಚೇ ಬಿಳಿಯಾಗುತ್ತಿತ್ತು, ಎಲ್ಲರೂ ಗಿರಣಿ ಮಾವ ಎನ್ನುತ್ತಿದ್ದರು. ಸೈಕಲ್ ರಿಪೇರಿಯವನೊಬ್ಬ, ಪಂಕ್ಚರ್ ಎಂದೇ ಹೆಸರಾದವನು. ಇವರಿಬ್ಬರ ಗದ್ದಲದ ನಡುವೆ ಹೊಸಬೀದಿಯ ಎಳೆಯ ತಾಯಿಯೊಬ್ಬಳು ಹಲ್ಲು ಬರುವ ವಯಸ್ಸಿನ ಮಗುವನ್ನು ಎತ್ತಿಕೊಂಡು ಬಂದು ಗೋಡೆ ಬದಿಯ ಬೆಂಚಿನಲ್ಲಿ ಶಾಲು ಹಾಸಿ ಮಲಗಿಸುತ್ತಿದ್ದಳು. ಅವಳನ್ನು ಪಾಪುವಿನಮ್ಮ ಎನ್ನುತ್ತಿದ್ದರು. ಮಗು ಎದ್ದರೆ ಅದನ್ನು ಎತ್ತಿಕೊಳ್ಳುವುದು ಇಸ್ತ್ರಿಯಕ್ಕನ ಪಾಲು. ಇದ್ದಿಲಿನ ವಾಸನೆಯ ಸೆರಗನ್ನು ಬಾಯಿಗೆ ಹಾಕಿಕೊಂಡು ಜಗಿಯುತ್ತ ಮಗು ಸುಮ್ಮನಾಗುತ್ತಿತ್ತು. "ನೀನು ಬರ್ಕೋ ತಾಯಿ," ಎನ್ನುತ್ತಿದ್ದಳು ಇಸ್ತ್ರಿಯಕ್ಕ. "ನಾನು ಇವಳ ಹೆಗಲ ಮೇಲಿಂದಲೇ ನೋಡ್ಕೊಂಡು ಓದ್ತೀನಿ."

ಊರಿನ ಸುದ್ದಿಯೆಲ್ಲ ಆ ಕಾಲಕ್ಕೆ ಮೈಕಿನಿಂದಲೇ ಬರಬೇಕು. ಬೆಳಿಗ್ಗೆ ಹಾಲಿನ ಹೊತ್ತಿಗೆ ಭವನದ ಮೇಲಿನ ಮೈಕು ಗೊರ ಗೊರ ಎಂದು ಗಂಟಲು ಸರಿಮಾಡಿಕೊಂಡಿತು ಎಂದರೆ ಊರು ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ ಕಿವಿ ಕೊಡುತ್ತಿತ್ತು. ಸುದ್ದಿ ಓದುವವನು ಮೈಕಣ್ಣ, ಕೆಲಸ ಬಿಟ್ಟ ಬಸ್ ಕಂಡಕ್ಟರ್. ಸ್ಟಾಪುಗಳ ಹೆಸರು ಕೂಗಿ ಕೂಗಿ ಪಳಗಿದ ಗಂಟಲು. ನಲ್ಲಿ ನೀರು ಎಷ್ಟೊತ್ತಿಗೆ, ಡಾಕ್ಟರು ಯಾವ ದಿನ, ಯಾರ ಮೇಕೆ ಕಾಣೆ, ಎಲ್ಲವನ್ನೂ ಸರ್ಕಾರಿ ಭಾಷೆಯಲ್ಲಿ ಹೇಳುತ್ತಿದ್ದ. ಮೇಕೆ ಕೂಡ ಅವನ ಬಾಯಲ್ಲಿ ಕಾಣೆಯಾಗುತ್ತಿರಲಿಲ್ಲ, "ಕಾಣೆಯಾಗಿರುವುದಾಗಿ ತಿಳಿದುಬಂದಿದೆ" ಆಗುತ್ತಿತ್ತು.

ಒಂದು ಬೆಳಿಗ್ಗೆ ನೀರಿನ ಸಮಯ ಹೇಳಿ ಮುಗಿಸಿದ ಮೈಕಣ್ಣ ಉಸಿರು ಎಳೆದುಕೊಂಡು ಮುಂದುವರಿಸಿದ. "ಹಿಟ್ಟಿನ ಗಿರಣಿಯ ಮಾಲೀಕರ ಗೊರಕೆಯ ಕಾರಣ ಅವರ ಮನೆಯವರು ಅಡುಗೆಮನೆಗೆ ಸ್ಥಳಾಂತರಗೊಂಡಿರುವುದಾಗಿ ತಿಳಿದುಬಂದಿದೆ."

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗೊರಕೆಯ ಮಾತನ್ನು ಹಿಂದಿನ ಸಂಜೆ ತರಗತಿಯಲ್ಲಿ ಹೇಳಿದ್ದು ಗಿರಣಿ ಮಾವನೇ. ಆದರೆ ಹೆಂಡತಿಯೇ ಯಾರಿಗೋ ಹೇಳಿರಬೇಕು ಎಂದು ಅವಳ ಮೇಲೆ ಹಾರಾಡಿ ಸುಮ್ಮನಾದ. ಕೆಲವು ದಿನದ ಮೇಲೆ ಪಂಕ್ಚರ್ ತನ್ನ ಭಾವಮೈದುನನೊಂದಿಗೆ "ಮಾತುಕತೆ ಸ್ಥಗಿತಗೊಳಿಸಿರುವ" ಸಂಗತಿ ಮೈಕಿನಲ್ಲಿ ಬಂತು. ಭಾವಮೈದುನ ಅಂಗಡಿಗೆ ಬಂದು, "ಮಾತು ಬಿಟ್ಟಿದೀನಿ ಅಂತ ನನಗೆ ಹೇಳೋಕೆ ನಿನಗೆ ಮೈಕು ಬೇಕಾಯ್ತಾ?" ಎಂದು ಕೇಳಿ ಹೋದ. ಆಗಲೂ ಯಾರೂ ಎರಡನ್ನೂ ಸೇರಿಸಿ ನೋಡಲಿಲ್ಲ.

ಮೂರನೆಯದು ನಗುವಂಥದ್ದಾಗಿರಲಿಲ್ಲ. ಒಂದು ಸಂಜೆ ಪಾಪುವಿನಮ್ಮನ ಸರದಿ ಬಂತು. ಮಗುವಿನ ಕಾಲುಗೆಜ್ಜೆ ತಿರುವುತ್ತ ಹೇಳಿದಳು. "ಮಗುವಿಗೆ ಹಲ್ಲು ಬರುತ್ತಿದೆ. ರಾತ್ರಿಯೆಲ್ಲ ನಾನೊಬ್ಬಳೇ ಎದ್ದಿರುತ್ತೇನೆ. ಅಮ್ಮನ ಮನೆಗೆ ಹೋಗಬೇಕು ಅನ್ನಿಸುತ್ತದೆ." ಟೀಚರಮ್ಮ ಅದನ್ನು ದುಂಡಗೆ ಬರೆದರು. ಎಲ್ಲರೂ ತಲೆ ತಗ್ಗಿಸಿ ನಕಲು ಮಾಡಿದರು. ಅಷ್ಟು ನಿಶ್ಶಬ್ದವಾಗಿ ಆ ಕೋಣೆಯಲ್ಲಿ ಹಿಂದೆಂದೂ ಯಾರೂ ಬರೆದಿರಲಿಲ್ಲ.

ಬೆಳಿಗ್ಗೆ ಊರಿಗೆ ಊರೇ ಕೇಳಿತು. "ಹೊಸಬೀದಿಯ ಎಳೆಯ ತಾಯಿಯೊಬ್ಬರು ತವರಿಗೆ ತೆರಳುವ ಇಚ್ಛೆ ವ್ಯಕ್ತಪಡಿಸಿದ್ದಾರೆ. ರಾತ್ರಿ ಮಗುವಿನ ಬಳಿ ಒಬ್ಬರೇ ಎಚ್ಚರವಿರುವುದಾಗಿ ತಿಳಿದುಬಂದಿದೆ."

ಹೊಸಬೀದಿಯಲ್ಲಿ ಹಲ್ಲು ಬರುವ ಮಗು ಇದ್ದದ್ದು ಒಂದೇ ಮನೆಯಲ್ಲಿ.

ಅಂದು ಸಂಜೆ ಪಾಪುವಿನಮ್ಮ ಬರಲಿಲ್ಲ. ಟೀಚರಮ್ಮನ ಬಸ್ಸು ಇನ್ನೂ ಬಂದಿರಲಿಲ್ಲ. ಪಂಕ್ಚರ್ ಬೆರಳು ಮಡಚಿ ಲೆಕ್ಕ ಹಾಕಿದ. "ಮಾವನ ಗೊರಕೆ, ನನ್ನ ಭಾವಮೈದುನ, ಈಗ ಆ ಹುಡುಗಿ. ಮೂರೂ ಇಲ್ಲಿ ಆಡಿದ ಮಾತೇ. ನಮ್ಮಲ್ಲೇ ಯಾರೋ ಮೈಕಣ್ಣನ ಕಿವಿ ಊದ್ತಿದಾರೆ."

"ಯಾರು ಅಂತೀಯ?" ಎಂದ ಗಿರಣಿ ಮಾವ. ಕೇಳಿದ್ದು ಪಂಕ್ಚರನ್ನು, ನೋಡಿದ್ದು ಇಸ್ತ್ರಿಯಕ್ಕನನ್ನು.

"ನನ್ನನ್ನ ಯಾಕೆ ನೋಡ್ತಿದೀರ ಮಾವ?"

"ನೋಡಿದ್ರೆ ತಪ್ಪಾ? ಮೈಕಣ್ಣನ ಬಿಳಿ ಅಂಗಿಗೆ ಇಸ್ತ್ರಿ ಹಾಕೋದು ಯಾರು ಅಂತ ನೆನಪು ಮಾಡ್ಕೊಂಡೆ, ಅಷ್ಟೇ."

"ನಿಮ್ಮ ಅಂಗಿಗೂ ನಾನೇ ಹಾಕೋದು. ಹಾಗಂತ ನಿಮ್ಮನೆ ಹಿಟ್ಟಿನ ಲೆಕ್ಕ ಹೇಳ್ಕೊಂಡು ತಿರುಗಿದೀನಾ?"

"ಆಗ ನಿನಗೆ ಓದೋಕೆ ಬರ್ತಿರಲಿಲ್ಲವಲ್ಲ," ಎಂದ ಮಾವ, ತುಂಬ ಮೆತ್ತಗೆ.

ಟೀಚರಮ್ಮನಿಗೆ ಹೇಳುವುದು ಬೇಡ ಎಂದು ಎಲ್ಲರೂ ತೀರ್ಮಾನಿಸಿದರು. ಹೇಳಿದರೆ ತರಗತಿಯನ್ನೇ ಮುಚ್ಚಿ ಹೋದರೆ? ಮೇಲಾಗಿ, ಅವರೇ ಹೇಳುತ್ತಿದ್ದರೆ?

ಹೀಗೆ ಶುರುವಾಗಿತ್ತು ಜೇಬು ಹೊರಗೆಳೆಯುವ ಪದ್ಧತಿ. ಗಿರಣಿ ಮನೆ ಮೊದಲು, ಆಮೇಲೆ ಅದರ ಎದುರುಮನೆ, ಆಮೇಲೆ ಬೀದಿಯ ಆ ಕೊನೆ. ಓದು ಬಾರದವಳು ಟಿಕೆಟ್ಟಿಗೆ ಇಸ್ತ್ರಿ ಹಾಕಿದಾಗ ಮುದ್ದಾಗಿ ಕಂಡಿದ್ದು, ಓದು ಕಲಿಯುತ್ತಿರುವವಳು ಹಾಕಿದಾಗ ಗೂಢಚಾರಿಕೆಯಾಗಿ ಕಾಣತೊಡಗಿತು. ಒಬ್ಬಾಕೆಯಂತೂ ಹಳೆಯ ಟಿಕೆಟ್ಟುಗಳನ್ನೆಲ್ಲ ಒಲೆಗೆ ಹಾಕಿದಳಂತೆ.

ಹೊಸಬೀದಿಯ ಮನೆಗೆ ಗಂಟು ಕೇಳಲು ಹೋದಾಗ ಬಾಗಿಲಿಗೆ ಬಂದದ್ದು ಪಾಪುವಿನಮ್ಮನ ಅತ್ತೆ. ಹೊಸ್ತಿಲು ದಾಟಲು ಬಿಡದ ಹಾಗೆ ಎರಡೂ ಕೈ ಚೌಕಟ್ಟಿಗೆ ಕೊಟ್ಟು ನಿಂತರು.

"ನಮ್ಮನೆ ಬಟ್ಟೆಗೆ ಇನ್ಮೇಲೆ ಇಸ್ತ್ರಿ ಬೇಡ."

"ಯಾಕಮ್ಮ, ಮಡಿಕೆಯಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?"

"ಮಡಿಕೆ ಚೆನ್ನಾಗೇ ಇತ್ತು. ಸುಕ್ಕಿದ್ರೆ ಇರ್ಲಿ, ಸುಕ್ಕು ನಮ್ಮದೇ ತಾನೆ. ಬೀದಿಗೆ ಹಾಕೋದು ಬೇಡ."

"ನಾನು ಯಾರಿಗೂ ಒಂದು ಮಾತು ಆಡಿಲ್ಲ ಅಮ್ಮ."

"ಆಡಿದೀಯ ಅಂತ ನಾನು ಅಂದ್ನಾ? ನೀನೇ ಅಂದ್ಕೊಂಡೆ."

ಅವರ ಹೆಗಲಾಚೆ ಒಳಗಿನ ಪರದೆ ಪಕ್ಕ ಪಾಪುವಿನಮ್ಮ ನಿಂತಿದ್ದಳು. ಮಗು ಇದ್ದಿಲಿನ ವಾಸನೆ ಹಿಡಿದೋ ಏನೋ ಎರಡೂ ಕೈ ಮುಂದೆ ಚಾಚಿ ಊ ಊ ಎಂದಿತು. ಪಾಪುವಿನಮ್ಮ ಮಗುವಿನ ಮುಖವನ್ನು ತನ್ನ ಹೆಗಲ ಕಡೆಗೆ ತಿರುಗಿಸಿಕೊಂಡಳು.

ಅತ್ತೆಯ ಮಾತಿಗಿಂತ ಅದು ಹೆಚ್ಚು ಚುಚ್ಚಿತು. ಗಂಟುಗಳು ಹೋದರೆ ಹೋಗಲಿ, ಪಕ್ಕದ ಊರಿನಿಂದ ತಂದೇನು ಎನ್ನುವ ಧೈರ್ಯ ಇಸ್ತ್ರಿಯಕ್ಕನಿಗೆ ಇತ್ತು. ಆದರೆ ತನ್ನ ಸೆರಗು ಜಗಿದು ಬೆಳೆಯುತ್ತಿದ್ದ ಮಗುವಿನ ತಾಯಿ ತನ್ನನ್ನು ಚಾಡಿಕೋರಿ ಎಂದುಕೊಂಡು ಬಾಳಬೇಕೆ? ಮಾತು ಹೊರಗೆ ಒಯ್ದವರು ಯಾರೆಂದು ಕಂಡುಹಿಡಿಯದೆ ಈ ಮನೆಯ ಬಾಗಿಲು ತನಗೆ ತೆರೆಯುವುದಿಲ್ಲ ಎಂದು ಅವಳಿಗೆ ಅಲ್ಲೇ ಖಾತ್ರಿಯಾಯಿತು.

ಅಂದಿನಿಂದ ಅವಳ ಕಣ್ಣೇ ಬದಲಾಯಿತು. ಗಿರಣಿ ಮಾವ ಹಾಲು ತರಲು ಹೋಗುವಾಗ ಮೈಕಣ್ಣನ ಮನೆ ಮುಂದೆ ಯಾಕೆ ನಿಧಾನವಾಗುತ್ತಾನೆ? ಪಂಕ್ಚರ್ ಮೈಕಣ್ಣನ ಸೈಕಲ್ಲಿಗೆ ಗಾಳಿ ಹೊಡೆಯುವಾಗ ಅಷ್ಟು ಹೊತ್ತು ಏನು ಮಾತು? ಪಂಕ್ಚರನ್ನು ಒಮ್ಮೆ ಪರೀಕ್ಷಿಸಿಯೂ ನೋಡಿದಳು. "ತಮ್ಮಾ, ಯಾರಿಗೂ ಹೇಳಬೇಡ, ನಾನು ಇಸ್ತ್ರಿ ಬಿಟ್ಟು ಟೀ ಅಂಗಡಿ ಇಡ್ತಿದೀನಿ," ಎಂದು ಕಿವಿಯಲ್ಲಿ ಸುಳ್ಳು ಊದಿದಳು. ಮೈಕಿನಲ್ಲಿ ಬರಲಿಲ್ಲ. ಅವನು ಸಾಚಾ ಎಂದು ಬಿಡಬೇಕಿತ್ತು. ಆದರೆ ಅವನಿಗೂ ಅನುಮಾನ ಬಂದು ಬೇಕೆಂದೇ ಅಡಗಿಸಿಟ್ಟಿರಬಹುದಲ್ಲ?

ಕೊನೆಗೆ ಅನುಮಾನ ತಿರುಗಿ ಅವಳ ಮೇಲೇ ಬಂತು. "ಏ, ನಾನು ನಿದ್ದೆಯಲ್ಲಿ ಮಾತಾಡ್ತೀನಾ?" ಎಂದು ನಾದಿನಿಯನ್ನು ಕೇಳಿದಳು.

"ಎಚ್ಚರ ಇದ್ದಾಗಲೇ ನಿನ್ನ ಬಾಯಿಂದ ಮಾತು ಹೊರಡಿಸೋಕೆ ಇಕ್ಕಳ ಬೇಕು."

"ನಾನು ನಿನಗೆ ಹೇಳಿದ್ದನ್ನ ನೀನು ಯಾರಿಗಾದ್ರೂ..."

ನಾದಿನಿ ನೀರು ಚಿಮುಕಿಸುವುದನ್ನು ನಿಲ್ಲಿಸಿದಳು. "ಅತ್ತಿಗೆ, ಆ ಹುಡುಗಿ ವಿಷಯ ನಾನು ಕೇಳಿದ್ದೇ ಮೈಕಲ್ಲಿ. ನನ್ನ ಜೇಬನ್ನೂ ಹೊರಗೆಳೆದು ತೋರಿಸ್ಲಾ?"

ಇಸ್ತ್ರಿಯಕ್ಕ ತಲೆ ತಗ್ಗಿಸಿದಳು. ಎರಡು ದಿನ ಆ ಮನೆಯಲ್ಲಿ ಪೆಟ್ಟಿಗೆಯ ಸದ್ದು ಬಿಟ್ಟರೆ ಬೇರೆ ಮಾತಿರಲಿಲ್ಲ.

ತರಗತಿಗೆ ಬರುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಗಿರಣಿ ಮಾವನಿಗೆ ಬೆನ್ನು ನೋವು ಬಂತು, ಪಂಕ್ಚರಿಗೆ ಸಂಜೆ ಹೊತ್ತೇ ಕೆಲಸ ಜಾಸ್ತಿಯಾಯಿತು. ಒಂದು ದಿನ ಭವನದಲ್ಲಿ ಇದ್ದದ್ದು ಇಸ್ತ್ರಿಯಕ್ಕ ಮತ್ತು ಟೀಚರಮ್ಮ, ಇಬ್ಬರೇ. ಗುಮಾಸ್ತರ ನಾಲ್ಕು ಸಾಲು ಎಂದಿನಂತೆ ಬೋರ್ಡಿನ ಮೇಲುಗಡೆ ಇತ್ತು. ಅದರ ಕೆಳಗೆ ಬೋರ್ಡು ತೊಳೆದ ತಟ್ಟೆಯ ಹಾಗಿತ್ತು. ದಿನವೂ ಹಾಗೇ ಇರುತ್ತಿತ್ತು. ಹಿಂದಿನ ದಿನದ ಪಾಠವನ್ನು ಯಾರು ಒರೆಸುತ್ತಾರೆ ಎಂದು ಯಾರೂ ಕೇಳಿರಲಿಲ್ಲ.

"ಎಲ್ಲಿ ಹೋದ್ರು ಎಲ್ಲರೂ?" ಎಂದರು ಟೀಚರಮ್ಮ ಗೆರೆ ಎಳೆಯುತ್ತ. "ಇರಲಿ, ಇವತ್ತು ನಿಮ್ಮದೇ ವಾಕ್ಯ."

ಇಸ್ತ್ರಿಯಕ್ಕ ಇದಕ್ಕೇ ಕಾದಿದ್ದಳು. ಬೇರೆ ಯಾರೂ ಇಲ್ಲದ ದಿನ ಸುಳ್ಳೊಂದನ್ನು ಹೇಳಬೇಕು. ಅದೂ ಮೈಕಿಗೆ ಬಂದರೆ ಒಯ್ದವರು ಟೀಚರಮ್ಮನೇ, ಅನುಮಾನವೇ ಬೇಡ. ಹಾಗೆ ಯೋಚಿಸುವಾಗ ಅವರ ಮುಖ ನೋಡಲು ಅವಳಿಗೆ ಸಂಕಟವಾಯಿತು. ಕೈ ಹಿಡಿದು ಅ ತಿದ್ದಿಸಿದ ಬೆರಳು ಅವರದು.

"ನಮ್ಮ ಬೆಕ್ಕು ನಾಲ್ಕು ಮರಿ ಹಾಕಿದೆ," ಎಂದಳು.

ಅವಳ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ನಾದಿನಿಗೆ ಬೆಕ್ಕು ಕಂಡರೆ ಸೀನು.

ಟೀಚರಮ್ಮ ಖುಷಿಯಿಂದ ಬರೆದರು, ಪಕ್ಕದಲ್ಲಿ ಅವಳ ಗುರುತು ಹಾಕಿದರು. ಹಾರ್ನ್ ಕೇಳಿತು. ಇಸ್ತ್ರಿಯಕ್ಕ ಅವರ ಜೊತೆಗೇ ಹೊರಟು, ಅವರು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು ಬಸ್ಸು ತಿರುವು ದಾಟುವ ತನಕ ಕಣ್ಣು ಕದಲಿಸಲಿಲ್ಲ. ದಾರಿಯಲ್ಲಿ ಟೀಚರಮ್ಮ ಯಾರ ಜೊತೆಗೂ ಮಾತಾಡಲಿಲ್ಲ. ಮನೆಗೆ ಬಂದು ಇವಳೂ ಮಾತಾಡಲಿಲ್ಲ.

ಮರುದಿನ ಪೆಟ್ಟಿಗೆ ಇನ್ನೂ ಕಾಯುತ್ತಿತ್ತು, ಮೈಕು ಗೊರಗುಟ್ಟಿತು. ನಲ್ಲಿ ನೀರು ತಡ, ಡಾಕ್ಟರು ಬರುವುದಿಲ್ಲ. ಆಮೇಲೆ ಒಂದು ಉಸಿರು.

"ಇಸ್ತ್ರಿಯಕ್ಕನವರ ಮನೆಯ ಬೆಕ್ಕು ನಾಲ್ಕು ಮರಿಗಳಿಗೆ ಜನ್ಮ ನೀಡಿರುವುದಾಗಿ ತಿಳಿದುಬಂದಿದೆ. ಅಗತ್ಯವಿರುವವರು ಸಂಪರ್ಕಿಸಬಹುದು."

"ಯಾವ ಬೆಕ್ಕು?" ಎಂದಳು ನಾದಿನಿ. ಎರಡು ದಿನದ ಮೇಲೆ ಅವಳಾಡಿದ ಮೊದಲ ಮಾತು ಅದು.

ಇಸ್ತ್ರಿಯಕ್ಕ ಲೆಕ್ಕ ಹಾಕಿದಳು. ಟೀಚರಮ್ಮ ಕಣ್ಣೆದುರೇ ಹೋದರು. ತಾನು ಬಾಯಿ ಬಿಟ್ಟಿಲ್ಲ. ಮೂರನೆಯವರು ಕೋಣೆಯಲ್ಲಿ ಇರಲಿಲ್ಲ. ಹಾಗಾದರೆ ಹೇಳಿದ್ದು ಯಾರು, ಗೋಡೆಯಾ? ಕೈಯೊರೆಸಿಕೊಂಡು, "ಪೆಟ್ಟಿಗೆ ನೋಡ್ಕೋ," ಎಂದವಳು ಸೆರಗು ಸಿಕ್ಕಿಸಿಕೊಂಡು ಭವನದ ಕಡೆ ದಾಪುಗಾಲು ಹಾಕಿದಳು. ಮೈಕು ಅದೇ ಸುದ್ದಿಯನ್ನು ಇನ್ನೊಂದು ಸಲ ಓದುತ್ತಿತ್ತು.

ಭವನದ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮೈಕಣ್ಣ ಕಪಾಟಿನ ಪಕ್ಕ ಕುರ್ಚಿ ಹಾಕಿಕೊಂಡು, ಮೈಕನ್ನು ಬಾಯಿಗೆ ಹಿಡಿದು, ಕನ್ನಡಕ ಮೂಗಿನ ತುದಿಗಿಳಿಸಿ ಕೂತಿದ್ದ. ಅವನ ಹತ್ತಿರ ಯಾರೂ ಇರಲಿಲ್ಲ. ಮುಖ ಎದುರು ಗೋಡೆಯ ಕಡೆಗಿತ್ತು. ಇಸ್ತ್ರಿಯಕ್ಕನೂ ಅತ್ತ ನೋಡಿದಳು.

ಬೋರ್ಡು. ಮೇಲೆ ಗುಮಾಸ್ತರ ನಾಲ್ಕು ಸಾಲು. ಕೆಳಗೆ ಗೆರೆ. ಗೆರೆಯ ಕೆಳಗೆ ಟೀಚರಮ್ಮನ ದುಂಡನೆಯ ಅಕ್ಷರ. ನಮ್ಮ ಬೆಕ್ಕು ನಾಲ್ಕು ಮರಿ ಹಾಕಿದೆ. ಓದಬೇಕೆಂದು ಅವಳು ಓದಲಿಲ್ಲ, ಅಕ್ಷರಗಳೇ ಎದ್ದು ಬಂದು ಕಣ್ಣಿಗೆ ಬಿದ್ದವು. ಕೋಣೆಗೆ ಬಂದವರು ಯಾರೇ ಆದರೂ ಓದುತ್ತಾರೆ. ಇಷ್ಟು ಸಣ್ಣ ವಿಷಯ ಆರೇಳು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಜೀವಮಾನವಿಡೀ ಬರಹ ಎಂದರೆ ಅವರಿಗೆ ಗೋಡೆಯ ಮೇಲಿನ ಕಲೆ ಇದ್ದ ಹಾಗೆ. ತಾವು ಎದ್ದು ಹೋದ ಮೇಲೂ ಅದು ಅಲ್ಲಿ ಕೂತು ಮಾತಾಡುತ್ತಿರುತ್ತದೆ ಎಂದು ಯಾರು ಕಂಡಿದ್ದರು? ಬಾಯಿಗೆ ಬೀಗ ಹಾಕಿಕೊಂಡರೆ ಮಾತು ಭದ್ರ ಎಂದುಕೊಂಡು, ಬೋರ್ಡನ್ನು ಹಾಗೇ ಬಿಟ್ಟು ಹೋಗುತ್ತಿದ್ದರು.

ಮೈಕಣ್ಣ ಮೈಕಿನ ಗುಂಡಿ ತಿರುಗಿಸಿ ಆರಿಸಿ, ಎದ್ದು ಒದ್ದೆ ಬಟ್ಟೆ ತೆಗೆದುಕೊಂಡ. ಓದಿ ಮುಗಿಸಿದ್ದನ್ನು ಒರೆಸುವುದು ಅವನ ರೂಢಿ.

"ಅಣ್ಣಾ, ಒರೆಸಬೇಡಿ," ಎಂದಳು ಬಾಗಿಲಿನಿಂದ. "ಆ ಗೆರೆಯ ಕೆಳಗಿನದು ನಮ್ಮ ಪಾಠ."

"ಪಾಠವಾ?" ಮೈಕಣ್ಣ ತಿರುಗಿ ನೋಡಿದ. "ಬೋರ್ಡಲ್ಲಿ ಇದ್ದದ್ದೆಲ್ಲ ಸುದ್ದಿ ತಾಯಿ. ಗುಮಾಸ್ತರು ಬರೀತಾರೆ, ನಾನು ಓದ್ತೀನಿ. ಇತ್ತೀಚೆಗೆ ಒಳ್ಳೊಳ್ಳೆ ಸುದ್ದಿ ಹಾಕ್ತಿದ್ರು. ಗುಮಾಸ್ತರ ಅಕ್ಷರವೂ ಸುಧಾರಿಸಿದೆ ಅಂದ್ಕೊಂಡಿದ್ದೆ."

"ಆ ಹುಡುಗಿದು ಓದುವಾಗ ಒಂದು ಕ್ಷಣ ಅನ್ನಿಸಲಿಲ್ವಾ ಅಣ್ಣಾ?"

ಮೈಕಣ್ಣ ಒದ್ದೆ ಬಟ್ಟೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ಅನ್ನಿಸ್ತು. ಊರವರು ಕೇಳಿ ಆ ಮನೆಗೆ ಸಹಾಯಕ್ಕೆ ಹೋಗ್ಲಿ ಅಂತ ಸಮಿತಿಯವರು ಹಾಕಿಸಿರಬೇಕು ಅಂದ್ಕೊಂಡೆ." ಬಟ್ಟೆಯನ್ನು ಕುರ್ಚಿಯ ಬೆನ್ನಿಗೆ ಹಾಕಿದ. "ಮೊದಲೆಲ್ಲ ನೀರಿನ ಟೈಮು ಹೇಳಿದ್ರೆ ಅರ್ಧ ಜನಕ್ಕೆ ಕೇಳಿಸ್ತಾ ಇರಲಿಲ್ಲ. ಈಗ ನಾನು ಬೀದಿಲಿ ಹೋದ್ರೆ, ನಾಳೆ ಏನಣ್ಣ ಅಂತ ಕೇಳ್ತಾರೆ."

ಇಸ್ತ್ರಿಯಕ್ಕ ಅವನ ಬಿಳಿ ಅಂಗಿಯನ್ನು ನೋಡಿದಳು. ಕಾಲರಿನ ಮಡಿಕೆ ಅವಳದೇ ಕೈಯದು. ಬೈಯಬೇಕೆಂದು ಬಂದವಳು ಬೇರೆಯದನ್ನೇ ಕೇಳಿದಳು.

"ಈಗ ಊರೆಲ್ಲ ನನ್ನ ಮೇಲೆ ಹೇಳ್ತಿದೆ. ಇದು ನಾನಲ್ಲ, ಬೋರ್ಡು ಅಂತ ಮೈಕಲ್ಲಿ ಹೇಳಿ."

"ಅದು ಮಾತ್ರ ಆಗಲ್ಲ. ಬೋರ್ಡಲ್ಲಿ ಇಲ್ಲದ್ದನ್ನ ನಾನು ಹೇಳೋ ಹಾಗಿಲ್ಲ. ಶುರುವಿಂದಲೂ ಅದೇ ಕಟ್ಟುಪಾಡು."

"ಬೋರ್ಡಲ್ಲಿ ಇದ್ರೆ?"

"ಇದ್ರೆ ಓದಲೇಬೇಕು."

ಅವಳು ಬೆಂಚಿನ ಮೇಲಿದ್ದ ಸೀಮೆಸುಣ್ಣ ಎತ್ತಿಕೊಂಡಳು. ಒಬ್ಬಳೇ, ಯಾರ ಬೆರಳೂ ಹಿಡಿಯದೆ, ಪೂರ್ತಿ ವಾಕ್ಯವನ್ನು ಅವಳು ಎಂದೂ ಬರೆದಿರಲಿಲ್ಲ. ಸಾಲು ಮೊದಲು ಮೇಲೇರಿತು, ಆಮೇಲೆ ಇಳಿಯಿತು. ಒಂದು ಅಕ್ಷರಕ್ಕೆ ಕೈ ತಡವರಿಸಿದಾಗ ಮೈಕಣ್ಣ ಹೇಳಿಕೊಡಲು ಬಂದ. "ಬೇಡ, ಆಮೇಲೆ ನೀವೇ ಬರೆಸಿದ್ರಿ ಅಂತಾರೆ," ಎಂದಳು. ಹೊರಗೆ ಹಾಲು ಹಿಡಿದುಕೊಂಡು ಹೋಗುವವರ ಕಾಲಸಪ್ಪಳ ಕಡಿಮೆಯಾಗುತ್ತ ಬಂದಿತ್ತು. ಬರೆದು ಮುಗಿಸಿ ಹಿಂದೆ ಸರಿದಾಗ ಮೊಣಕೈ ತನಕ ಬಿಳಿಯಾಗಿತ್ತು.

ಮೈಕಣ್ಣ ಕನ್ನಡಕ ಸರಿಮಾಡಿಕೊಂಡು ಒಂದು ಸಲ ಮನಸ್ಸಿನಲ್ಲೇ ಓದಿದ. ಎರಡನೆಯ ಸಾಲಿಗೆ ಬಂದಾಗ ಅವನ ತುಟಿ ನಿಂತಿತು. ಅವನು ಅವಳನ್ನು ನೋಡಿದ, ಬೋರ್ಡನ್ನು ನೋಡಿದ, ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. ಇವನು ಎರಡನೆಯ ಸಾಲು ಹಾರಿಸಿಬಿಡುತ್ತಾನೆ ಎಂದುಕೊಂಡಳು ಇಸ್ತ್ರಿಯಕ್ಕ. ಹಾರಿಸಿದರೆ ಹಿಡಿಯುವುದು ಹೇಗೆ ಎಂದು ಯೋಚಿಸುತ್ತ, ಒಂದೊಂದೇ ಪದದ ಮೇಲೆ ಕಣ್ಣಿಟ್ಟು ನಿಂತಳು.

ಗುಂಡಿ ತಿರುಗಿತು. ಊರಿನ ಮೇಲೆ ಮೈಕು ಮತ್ತೆ ಗೊರಗುಟ್ಟಿತು.

"ಇಸ್ತ್ರಿಯಕ್ಕ ಯಾರ ಮಾತೂ ಹೊರಗೆ ಹೇಳಿಲ್ಲ," ಎಂದು ಓದಿದ ಮೈಕಣ್ಣ. ಉಸಿರು ಎಳೆದುಕೊಂಡ. "ನಾವು ಪಾಠ ಒರೆಸದೆ ಹೋದೆವು. ಮೈಕಣ್ಣ ಪಾಠವನ್ನು ಸುದ್ದಿ ಎಂದು ಓದಿದರು."

ತಿಳಿದುಬಂದಿದೆ ಎಂದು ಸೇರಿಸಲಿಲ್ಲ. ಬೋರ್ಡಿನಲ್ಲಿ ಇದ್ದಷ್ಟನ್ನೇ ಓದಿ ಮೈಕು ಆರಿಸಿದ.

ಒಂದು ಗಳಿಗೆಯಲ್ಲಿ ಎಲ್ಲವೂ ಸರಿಹೋಯಿತು ಎಂದೇನೂ ಇಲ್ಲ. ಅವಳು ಮನೆಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಬೆಕ್ಕಿನ ಮರಿ ಬೇಕೆಂದು ಮಕ್ಕಳು ಸಾಲುಗಟ್ಟಿ ನಿಂತಿದ್ದರು, ನಾದಿನಿ ಸೊಂಟಕ್ಕೆ ಕೈ ಕೊಟ್ಟು ಅವರಿಗೆ ಉತ್ತರ ಹೇಳುತ್ತಿದ್ದಳು. ಅತ್ತಿಗೆಯನ್ನು ಕಂಡು, "ಬಂದಳಪ್ಪ, ಬೆಕ್ಕಿನ ಯಜಮಾನತಿ," ಎಂದು ಕೈಯಲ್ಲಿದ್ದ ಪೆಟ್ಟಿಗೆ ಕೊಟ್ಟಳು. ಅವರಿಬ್ಬರ ನಡುವೆ ರಾಜಿಯಾದದ್ದು ಅಷ್ಟರಲ್ಲೇ. ಗಿರಣಿ ಮಾವನ ತಕರಾರು ಮಾತ್ರ ತೀರಲಿಲ್ಲ. "ಅವಳೇ ಬರೆದು ಅವಳೇ ಓದಿಸಿದ್ಲಂತೆ. ಬರೆಯೋಕೆ ಬಂದ ಮೇಲೆ ಏನು ಬೇಕಾದ್ರೂ ಬರೀಬಹುದಲ್ಲ," ಎಂದು ಗಿರಣಿಗೆ ಬಂದವರಿಗೆಲ್ಲ ಹೇಳಿದ. ಮುಂದಿನ ಗಂಟಿನಲ್ಲೂ ಅವನ ಜೇಬುಗಳು ನಾಲಿಗೆ ಚಾಚಿಕೊಂಡೇ ಬಂದವು.

ಸಂಜೆ ತರಗತಿಗೆ ಪಂಕ್ಚರ್ ಬಂದ, ಇನ್ನಿಬ್ಬರು ಬಂದರು. ವಿಷಯ ಕೇಳಿ ಟೀಚರಮ್ಮ ಬೆರಳಿನ ಸೀಮೆಸುಣ್ಣವನ್ನು ಸೆರಗಿಗೆ ಒರೆಸಿಕೊಂಡರು. ಅಂದಿನ ವಾಕ್ಯ ಹೇಳಲು ಯಾರೂ ಮುಂದೆ ಬರಲಿಲ್ಲ. ಎಲ್ಲರೂ ಬೋರ್ಡನ್ನು ಹೊಸದಾಗಿ ಬಂದ ನೆಂಟನನ್ನು ನೋಡುವ ಹಾಗೆ ನೋಡುತ್ತಿದ್ದರು. ಪಂಕ್ಚರ್ ಎದ್ದು ಹೋಗಿ ಕಿಟಕಿ ಹಾಕಿ ಬಂದ. ಕೊನೆಗೆ ಟೀಚರಮ್ಮನೇ ತಮ್ಮ ಮನೆಯದೊಂದು ಮಾತು ಬರೆದರು. ಹಾರ್ನ್ ಆದ ಮೇಲೆ ಇಸ್ತ್ರಿಯಕ್ಕ ಗೆರೆಯ ಕೆಳಗಿನದನ್ನು ಒಣ ಬಟ್ಟೆಯಲ್ಲಿ ಒಮ್ಮೆ, ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಪಕ್ಕಕ್ಕೆ ಬಾಗಿ ಬೆಳಕಿಗೆ ಹಿಡಿದು ನೋಡಿದಳು. ಪಂಕ್ಚರ್ ಅವಳ ಹಿಂದೆ ನಿಂತು ತಾನೂ ಬಾಗಿ ನೋಡಿದ.

ಹೊಸಬೀದಿಯ ಮನೆಯಿಂದ ನಾಲ್ಕು ದಿನ ಏನೂ ಬರಲಿಲ್ಲ. ಐದನೆಯ ದಿನ ಪಾಪುವಿನಮ್ಮನೇ ಗಂಟು ಹೊತ್ತು, ಸೊಂಟದ ಮೇಲೆ ಮಗುವನ್ನು ಇಟ್ಟುಕೊಂಡು ಬಂದಳು. ಗಂಟನ್ನು ಮೇಜಿನ ಮೇಲೆ ಇಟ್ಟಳು.

"ಅತ್ತೆ ಕಳಿಸಿದ್ರಾ?" ಎಂದಳು ಇಸ್ತ್ರಿಯಕ್ಕ.

"ಇಲ್ಲ ಅಕ್ಕ. ಅವರಿಗೆ ಇನ್ನೂ ಅನುಮಾನ. ನಾನೇ ತಂದೆ." ಆಮೇಲೆ ಮಗುವಿನ ಕಾಲುಗೆಜ್ಜೆ ತಿರುವುತ್ತ ಮೆಲ್ಲಗೆ ಹೇಳಿದಳು. "ಅವತ್ತು ಇವಳ ಮುಖ ತಿರುಗಿಸಿಬಿಟ್ಟೆ."

"ಕೊಡಿಲ್ಲಿ ಅವಳನ್ನ. ಕೆಂಡದ ಹತ್ತಿರ ಬೇಡ, ಈ ಕಡೆಯಿಂದ ಕೊಡು."

ಮಗು ಬಂದದ್ದೇ ಸೆರಗಿನ ತುದಿಯನ್ನು ಬಾಯಿಗೆ ಹಾಕಿಕೊಂಡಿತು. ಕೆಳಗಿನ ವಸಡಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಎರಡು ಮೂಡಿದ್ದವು. ತಾಯಿ ಮಗು ಹೋದ ಮೇಲೆ ಇಸ್ತ್ರಿಯಕ್ಕ ಗಂಟು ಬಿಚ್ಚಿದಳು. ಪ್ಯಾಂಟುಗಳ ಜೇಬುಗಳು ಒಳಗೇ ಇದ್ದವು. ಒಂದು ಅಂಗಿಯ ಎದೆಜೇಬಿನಲ್ಲಿ ಮುದುಡಿದ ಬಸ್ ಟಿಕೆಟ್ಟು ಸಿಕ್ಕಿತು.

ನಾದಿನಿ ಕೂಡಲೇ ಕತ್ತು ಚಾಚಿದಳು. "ಎಲ್ಲಿಗೆ ಹೋಗಿದ್ದಂತೆ? ಈಗ ನಿನಗೆ ಓದೋಕೆ ಬರುತ್ತಲ್ಲ, ಓದು ನೋಡೋಣ. ತವರೂರಿಗಾ?"

ಇಸ್ತ್ರಿಯಕ್ಕ ಟಿಕೆಟ್ಟನ್ನು ಅಂಗೈಯಲ್ಲಿ ಬಿಡಿಸಿದಳು. ಅಕ್ಷರವಿರುವ ಮಗ್ಗುಲನ್ನು ಕಂಬಳಿಯ ಕಡೆಗೆ ಮಾಡಿ ಮೇಜಿನ ಮೇಲಿಟ್ಟು, ಬೆನ್ನಿನ ಮೇಲೆ ಬಿಸಿ ಇಳಿದ ಪೆಟ್ಟಿಗೆಯನ್ನು ಒಂದು ಸಲ ನಿಧಾನವಾಗಿ ಎಳೆದಳು.

"ನೀರು ಚಿಮುಕಿಸು," ಎಂದಳು. "ಮುಂದಿನದು ಗಿರಣಿ ಮನೆದು."